ಒಂದು ಕೆರೆದಂಡೆಯಿಂದ ಇಡೀ ಆಕಾಶ

(ಹಾನಗಲ್ಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಈ ಸಭೆಯಲ್ಲಿ ಕುಳಿತಿರುವ ರೈತರಿಗೆ ನಕ್ಷತ್ರಗಳ ಹೆಸರನ್ನು ನಾನು ಹೇಳಿಕೊಡಬೇಕಾಗಿಲ್ಲ. ರೋಹಿಣಿ, ಮಿರಗಾ, ಆರಿದ್ರಾ ಎಂದು ಮಳೆಯ ಲೆಕ್ಕದಲ್ಲಿ ಅವು ನಿಮ್ಮ ಬಾಯಲ್ಲೇ ಇವೆ. ಆದರೆ ಮಿರಗಾ ಮಳೆ ಬೀಳುವ ಜೂನ್ ತಿಂಗಳಲ್ಲಿ ಮೃಗಶಿರಾ ನಕ್ಷತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಸೂರ್ಯ ಅದರ ಮನೆಯಲ್ಲಿರುತ್ತಾನೆ, ಅದು ಹಗಲಿನಲ್ಲೇ ಹುಟ್ಟಿ ಹಗಲಿನಲ್ಲೇ ಮುಳುಗುತ್ತದೆ. ಅದನ್ನು ನೋಡಬೇಕೆಂದರೆ ಆರು ತಿಂಗಳು ಕಾದು, ಎಳ್ಳ ಅಮಾವಾಸ್ಯೆಯ ರಾತ್ರಿ 11ರ ಸುಮಾರಿಗೆ ಹೊಲದಲ್ಲಿ ನಿಂತು ನೆತ್ತಿಯತ್ತ ಮುಖ ಎತ್ತಬೇಕು. ಹೆಸರು ನಾಲಿಗೆಯ ಮೇಲಿದ್ದು, ನಕ್ಷತ್ರ ಮಾತ್ರ ಕಣ್ಣಿಗೆ ಪರಿಚಯವಿಲ್ಲದೆ ಹೋಗಿರುವುದು ನನಗೆ ಬಹಳ ದಿನಗಳಿಂದ ನೋವಿನ ಸಂಗತಿ. ಇವತ್ತಿನ ಮಾತು ಆ ನಕ್ಷತ್ರಗಳನ್ನೆಲ್ಲ ಒಂದೇ ಚಿತ್ರದಲ್ಲಿ ಕಾಣಿಸುವ ಕೆಲಸದ ಬಗ್ಗೆ. ಆಕಾಶವನ್ನು ತುಂಡು ತುಂಡಾಗಿ ಫೋಟೋ ತೆಗೆದು, ಆ ತುಂಡುಗಳನ್ನು ಜೋಡಿಸಿ ದೊಡ್ಡದೊಂದು ಚಿತ್ರ ಕಟ್ಟುವುದಕ್ಕೆ ಮೊಸಾಯಿಕ್ ಎನ್ನುತ್ತಾರೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ಈ ನಾಲ್ಕು ತಾಲೂಕುಗಳು ಆ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ ಎಂಬುದನ್ನು ಇವತ್ತು ಲೆಕ್ಕ ಕೊಟ್ಟು ತೋರಿಸುತ್ತೇನೆ.

ಮೊದಲು ನಾವು ಕುಳಿತ ಜಾಗ. ಹಾನಗಲ್ಲ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 14.8 ಡಿಗ್ರಿ ದೂರದಲ್ಲಿದೆ. ಸವಣೂರು, ಶಿಗ್ಗಾವಿ ಹೆಚ್ಚುಕಡಿಮೆ 15 ಡಿಗ್ರಿ, ಹಿರೇಕೆರೂರು ಸುಮಾರು 14.5. ಒಂದು ಊರಿನ ಅಕ್ಷಾಂಶ ಎಷ್ಟೋ, ಅಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಅಷ್ಟೇ ಎತ್ತರದಲ್ಲಿ ಕಾಣುತ್ತದೆ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ; ಉತ್ತರ ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ ಧ್ರುವ. ಸವಣೂರಿನಿಂದ ಹಿರೇಕೆರೂರಿಗೆ ಹೋಗುವಷ್ಟರಲ್ಲಿ ಧ್ರುವ ಹುಣ್ಣಿಮೆಯ ಚಂದ್ರನ ಅಗಲದಷ್ಟು ಕೆಳಗಿಳಿಯುತ್ತದೆ, ದಕ್ಷಿಣದಲ್ಲಿ ಅಷ್ಟೇ ಅಗಲದ ಹೊಸ ಆಕಾಶ ಮೇಲೇಳುತ್ತದೆ. ಭೂಮಿ ದುಂಡಗಿದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮ್ಮ ಶಾಲೆಗಳಿಗೆ ಬೇಕಿಲ್ಲ. ಬಸ್ಸಿನ ಟಿಕೀಟಿನ ಖರ್ಚಿನಲ್ಲಿ ಮಕ್ಕಳು ಅಳೆದು ನೋಡಬಹುದು.

ಧ್ರುವ ಹೀಗೆ ತಗ್ಗಿನಲ್ಲಿರುವುದರಿಂದ ನಮಗೆ ದಕ್ಷಿಣದ ಆಕಾಶ ಧಾರಾಳವಾಗಿ ಸಿಗುತ್ತದೆ. ಅಗಸ್ತ್ಯ ನಕ್ಷತ್ರ ಇಲ್ಲಿ 22 ಡಿಗ್ರಿಗೂ ಮೇಲೆ ಏರುತ್ತದೆ. ದೆಹಲಿಯಲ್ಲಿ ಅದು 9 ಡಿಗ್ರಿ ಮುಟ್ಟುವುದೂ ಕಷ್ಟ. ದಕ್ಷಿಣದ ಶಿಲುಬೆ ಎಂಬ ತಾರಾಪುಂಜ ದೆಹಲಿಯಲ್ಲಿ ದಿಗಂತಕ್ಕೆ ಅಂಟಿಕೊಂಡಿರುತ್ತದೆ, ಇಲ್ಲಿ ಸುಮಾರು 15 ಡಿಗ್ರಿ ಎತ್ತರಕ್ಕೆ ಬಂದು ನಿಲ್ಲುತ್ತದೆ. ಲೆಕ್ಕ ಹಾಕಿದರೆ, ಇಡೀ ಆಕಾಶಗೋಳದ ಶೇ. 93ರಷ್ಟು ಭಾಗ ವರ್ಷದಲ್ಲಿ ಒಂದಲ್ಲ ಒಂದು ಹೊತ್ತಿನಲ್ಲಿ ನಮ್ಮ ದಿಗಂತದಿಂದ 15 ಡಿಗ್ರಿಗಿಂತ ಮೇಲೆ ಬರುತ್ತದೆ. ಕೈತಪ್ಪುವುದು ದಕ್ಷಿಣ ಧ್ರುವದ ಸುತ್ತಲಿನ ವೃತ್ತ ಮಾತ್ರ. ಮೆಗೆಲನ್ ಮೋಡಗಳೆಂಬ ಎರಡು ಪುಟ್ಟ ಗೆಲಾಕ್ಸಿಗಳು ಆ ವೃತ್ತದಲ್ಲಿವೆ, ಅವುಗಳ ಆಸೆ ನಾವು ಬಿಡಬೇಕು.

ಇಡೀ ಆಕಾಶದ ಚಿತ್ರ ಕಟ್ಟಿದ ದೊಡ್ಡ ದೊಡ್ಡವರಿಗೆ ಈ ಅನುಕೂಲ ಇರಲಿಲ್ಲ. 2009ರಲ್ಲಿ ಯುರೋಪಿನ ದಕ್ಷಿಣ ವೀಕ್ಷಣಾಲಯ ಪ್ರಕಟಿಸಿದ ಪ್ರಸಿದ್ಧ ಆಕಾಶಗಂಗೆಯ ಚಿತ್ರಕ್ಕಾಗಿ ಫ್ರಾನ್ಸಿನ ಸೆರ್ಜ್ ಬ್ರೂನಿಯೆ ದಕ್ಷಿಣದ ಭಾಗವನ್ನು ಚಿಲಿಯಲ್ಲಿ, ಉತ್ತರದ ಭಾಗವನ್ನು ಕ್ಯಾನರಿ ದ್ವೀಪಗಳ ಲಾ ಪಾಲ್ಮಾದಲ್ಲಿ ತೆಗೆದರು. ಸುಮಾರು 1,200 ಫೋಟೋಗಳು ಸೇರಿ 80 ಕೋಟಿ ಬಿಂದುಗಳ ಒಂದು ಚಿತ್ರವಾಯಿತು. ಅದೇ ವರ್ಷ ಆಕ್ಸೆಲ್ ಮೆಲಿಂಗರ್ ಪ್ರಕಟಿಸಿದ ಚಿತ್ರಕ್ಕೆ ದಕ್ಷಿಣ ಆಫ್ರಿಕಾಕ್ಕೂ ಅಮೆರಿಕಕ್ಕೂ ಓಡಾಟವಾಯಿತು. 2011ರಲ್ಲಿ ನಿಕ್ ರೈಸಿಂಗರ್ ಎಂಬ ತರುಣ 37,440 ಫೋಟೋಗಳನ್ನು ಜೋಡಿಸಿದ. ಅವನಿಗೂ ಎರಡು ಖಂಡ ಬೇಕಾದವು. ಅವರು ಭೂಗೋಳದ ಎರಡು ಮಗ್ಗುಲಲ್ಲಿ ನಿಂತು ಸಂಪಾದಿಸಿದ್ದರ ಬಹುಪಾಲು ನಮ್ಮೂರ ಒಂದೇ ಕೆರೆದಂಡೆಯ ಮೇಲೆ ಸಿಗುತ್ತದೆ. ತಗ್ಗಿನಲ್ಲಿರುವ ನಕ್ಷತ್ರದ ಬೆಳಕು ನೆತ್ತಿಯ ಮೇಲಿನದಕ್ಕಿಂತ ನಾಲ್ಕು ಪಟ್ಟು ಗಾಳಿಯನ್ನು ದಾಟಿ ಬರಬೇಕಾಗುತ್ತದೆ, ಆದ್ದರಿಂದ ನಮ್ಮ ದಕ್ಷಿಣದ ಅಂಚು ಚಿಲಿಯಷ್ಟು ನಿಚ್ಚಳವಾಗಿ ಬರುವುದಿಲ್ಲ. ಅಷ್ಟು ಕೊರತೆಯನ್ನು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಅಗಲವಾದ ಲೆನ್ಸ್ ಹಾಕಿ ಒಂದೇ ಸಲಕ್ಕೆ ಅರ್ಧ ಆಕಾಶ ತೆಗೆದರೆ ಆಗದೇ, ಇಷ್ಟೊಂದು ತುಂಡು ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ನಕ್ಷತ್ರದ ಬೆಳಕನ್ನು ಹಿಡಿಯುವುದು ಲೆನ್ಸಿನ ಬಾಯಿಯ ಅಗಲ. 14 ಮಿಲಿಮೀಟರಿನ ಅಗಲ ನೋಟದ ಲೆನ್ಸಿಗೆ ಎಫ್ 2.8ರಲ್ಲಿ ಬಾಯಿ ಬರೀ 5 ಮಿ.ಮೀ. 50 ಮಿ.ಮೀ. ಲೆನ್ಸಿಗೆ ಅದೇ ಎಫ್ 2.8ರಲ್ಲಿ ಸುಮಾರು 18 ಮಿ.ಮೀ. ವಿಸ್ತೀರ್ಣದಲ್ಲಿ ಹನ್ನೆರಡು ಪಟ್ಟಿಗೂ ಹೆಚ್ಚು. ಆದ್ದರಿಂದ ಕಿರಿದಾದ ನೋಟದ ಲೆನ್ಸ್ ಹೆಚ್ಚು ಮಸುಕಾದ ನಕ್ಷತ್ರಗಳನ್ನು ಹೆಚ್ಚು ಚೂಪಾಗಿ ಕೊಡುತ್ತದೆ. ಅಗಲ ಬೇಕು, ಆಳವೂ ಬೇಕು ಎಂದರೆ ತುಂಡುಗಳನ್ನು ಜೋಡಿಸುವುದೊಂದೇ ದಾರಿ. ಪೂರ್ಣ ಅಳತೆಯ ಸೆನ್ಸರ್ ಇರುವ ಕ್ಯಾಮೆರಾಕ್ಕೆ 50 ಮಿ.ಮೀ. ಲೆನ್ಸ್ ಹಾಕಿದರೆ ಒಂದು ಚೌಕಟ್ಟಿನಲ್ಲಿ ಸುಮಾರು 40 ಡಿಗ್ರಿ ಉದ್ದ, 27 ಡಿಗ್ರಿ ಅಗಲದ ಆಕಾಶ ಕೂಡುತ್ತದೆ. ಅಕ್ಕಪಕ್ಕದ ಚೌಕಟ್ಟುಗಳು ಒಂದರ ಮೇಲೊಂದು ಕಾಲು ಭಾಗ ಹತ್ತಿಕೊಂಡಿರಬೇಕು, ಇಲ್ಲದಿದ್ದರೆ ಜೋಡಣೆ ಕೂಡಿಬರುವುದಿಲ್ಲ. ಹಾಗೆ ಲೆಕ್ಕ ಹಾಕಿದರೆ ಇಡೀ ಆಕಾಶಕ್ಕೆ ಬೇಕಾಗುವುದು ಸುಮಾರು 70 ಚೌಕಟ್ಟು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ತೆಗೆದರೆ ನಮಗೆ ಸಿಗುವ ಶೇ. 93 ಆಕಾಶ 80 ಕೋಟಿ ಬಿಂದುಗಳಷ್ಟಾಗುತ್ತದೆ, ಬ್ರೂನಿಯೆಯ ಚಿತ್ರದಷ್ಟೇ. 135 ಮಿ.ಮೀ. ಲೆನ್ಸ್ ಹಾಕಿದರೆ ಚೌಕಟ್ಟುಗಳು ನಾನೂರೈವತ್ತು ದಾಟುತ್ತವೆ. ಮೊದಲ ಸಲಕ್ಕೆ ಆ ಹಟ ಬೇಡ.

ಈ ಕೆಲಸ ಡಿಜಿಟಲ್ ಕಾಲದ್ದು ಎಂದುಕೊಳ್ಳಬೇಡಿ. 1887ರಲ್ಲಿ ಪ್ಯಾರಿಸ್ಸಿನಲ್ಲಿ ಜಗತ್ತಿನ ಖಗೋಳಶಾಸ್ತ್ರಜ್ಞರು ಸೇರಿ, ಇಡೀ ಆಕಾಶವನ್ನು ಗಾಜಿನ ಫಲಕಗಳ ಮೇಲೆ ಹಿಡಿಯುವ ಯೋಜನೆ ಹಾಕಿದರು. ಒಂದೊಂದು ಫಲಕದಲ್ಲಿ 2 ಡಿಗ್ರಿ ಉದ್ದ, 2 ಡಿಗ್ರಿ ಅಗಲದ ಆಕಾಶ. ಒಟ್ಟು ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಫಲಕ. ಆಕಾಶವನ್ನು ಪಟ್ಟಿಗಳಾಗಿ ಸೀಳಿ ಒಂದೊಂದು ವೀಕ್ಷಣಾಲಯಕ್ಕೆ ಒಂದೊಂದು ಪಟ್ಟಿ ಹಂಚಲಾಯಿತು. ದಕ್ಷಿಣದ 17ರಿಂದ 23 ಡಿಗ್ರಿವರೆಗಿನ ಪಟ್ಟಿ ಕೊನೆಗೆ ಬಂದದ್ದು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯಕ್ಕೆ. ಕಲಬುರಗಿ, ರಾಯಚೂರು, ಬೀದರಗಳು ಆಗ ಆ ಸಂಸ್ಥಾನದ ಭಾಗವೇ ಆಗಿದ್ದವು. ಪೊಕಾಕ್, ಅವರ ನಂತರ ಟಿ.ಪಿ. ಭಾಸ್ಕರನ್ ಅವರ ಮುಂದಾಳುತನದಲ್ಲಿ ವರ್ಷಗಟ್ಟಲೆ ರಾತ್ರಿ ರಾತ್ರಿ ಫಲಕ ತೆಗೆದು, ಹಗಲು ಸೂಕ್ಷ್ಮದರ್ಶಕದಲ್ಲಿ ಒಂದೊಂದು ನಕ್ಷತ್ರದ ಸ್ಥಾನ ಅಳೆದು ಬರೆದಿಟ್ಟರು. ಮುದ್ರಿತ ನಕ್ಷೆಯ ಯೋಜನೆ ಎಲ್ಲ ಕಡೆಯೂ ಪೂರ್ತಿಯಾಗಲಿಲ್ಲ. ಕೆಲವರು ಇದನ್ನು ಸೋತ ಸಾಹಸ ಎಂದು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. 2000ದಲ್ಲಿ 25 ಲಕ್ಷ ನಕ್ಷತ್ರಗಳ ಟೈಕೋ-2 ಪಟ್ಟಿ ಸಿದ್ಧವಾದಾಗ, ನಕ್ಷತ್ರಗಳು ನೂರು ವರ್ಷದಲ್ಲಿ ಎಷ್ಟು ಸರಿದಿವೆ ಎಂದು ಕಂಡುಹಿಡಿಯಲು ಈ ಹಳೆಯ ಫಲಕಗಳ ಅಳತೆಗಳನ್ನೇ ಆಧಾರ ಮಾಡಿಕೊಂಡರು. ಹೈದರಾಬಾದಿನ ಆ ರಾತ್ರಿಗಳ ಕೂಲಿ ಮುಟ್ಟಲು ಎಪ್ಪತ್ತು ಎಂಬತ್ತು ವರ್ಷ ಹಿಡಿಯಿತು, ಅಷ್ಟೇ.

ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಅಮೆರಿಕದ ಎಡ್ವರ್ಡ್ ಎಮರ್ಸನ್ ಬರ್ನಾರ್ಡ್ ಕಡುಬಡತನದಲ್ಲಿ ಹುಟ್ಟಿ, ಬಾಲ್ಯದಲ್ಲೇ ಫೋಟೋ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕೆ ಸೇರಿದವನು. ಆಕಾಶಗಂಗೆಯ ನಡುವೆ ಕಾಣುವ ಕಪ್ಪು ಕಲೆಗಳು ಖಾಲಿ ಜಾಗಗಳಲ್ಲ, ಹಿಂದಿನ ಬೆಳಕನ್ನು ಮರೆಮಾಡುವ ದೂಳಿನ ಮೋಡಗಳು ಎಂಬ ತಿಳಿವಳಿಕೆ ಅವನ ಅಗಲ ನೋಟದ ಫೋಟೋಗಳಿಂದ ಬೆಳೆಯಿತು. ಅವನ ಆಕಾಶಗಂಗೆಯ ಅಟ್ಲಾಸ್ ಹೊರಬಂದದ್ದು 1927ರಲ್ಲಿ, ಅವನು ತೀರಿಕೊಂಡು ನಾಲ್ಕು ವರ್ಷಕ್ಕೆ. ಅಚ್ಚಿನಲ್ಲಿ ನವಿರು ಹಾಳಾಗುತ್ತದೆಂದು ಪ್ರತಿಯೊಂದು ಪ್ರತಿಗೂ ನಿಜವಾದ ಫೋಟೋಗಳನ್ನೇ ತೊಳೆಸಿ ಅಂಟಿಸಿದ್ದರು. ಕೆಲಸ ಎಂದರೆ ಹಾಗಿರಬೇಕು.

ಈಗ ನಮ್ಮ ಪಂಚಾಂಗಕ್ಕೆ ಬರುತ್ತೇನೆ. ಚಂದ್ರನಿದ್ದರೆ ಈ ಕೆಲಸ ಸಾಗದು, ಆದ್ದರಿಂದ ಅಮಾವಾಸ್ಯೆಯ ಆಚೀಚೆಯ ನಾಲ್ಕೈದು ರಾತ್ರಿಗಳೇ ನಮ್ಮ ಪಾಲಿನವು. ನಮ್ಮ ಜನ ಅಮಾವಾಸ್ಯೆಗಳಿಗೆಲ್ಲ ಹೆಸರಿಟ್ಟು ನೆನಪಿಟ್ಟುಕೊಂಡಿರುವುದು ಈ ಕೆಲಸಕ್ಕೆ ಬಹಳ ಉಪಯೋಗ. ಒಂದು ಅಮಾವಾಸ್ಯೆಯಿಂದ ಮುಂದಿನದಕ್ಕೆ ಅದೇ ಹೊತ್ತಿನಲ್ಲಿ ನೆತ್ತಿಯ ಮೇಲಿನ ಆಕಾಶ ಸುಮಾರು 30 ಡಿಗ್ರಿ ಪಶ್ಚಿಮಕ್ಕೆ ಸರಿದಿರುತ್ತದೆ. ಎಳ್ಳ ಅಮಾವಾಸ್ಯೆಗೆ ಕೃತ್ತಿಕಾ, ರೋಹಿಣಿ, ಮೃಗಶಿರಾ, ಆರ್ದ್ರಾ ಮತ್ತು ದಕ್ಷಿಣದಲ್ಲಿ ಅಗಸ್ತ್ಯ. ಶಿವರಾತ್ರಿ ಅಮಾವಾಸ್ಯೆಗೆ ಸಂಜೆ ಪುನರ್ವಸು, ಪುಷ್ಯ; ಕೆಳಗೆ ದಕ್ಷಿಣದಲ್ಲಿ ಆಕಾಶಗಂಗೆಯ ನೌಕಾ ಭಾಗ. ಯುಗಾದಿ ಅಮಾವಾಸ್ಯೆಗೆ ನಡುರಾತ್ರಿಯ ಹೊತ್ತಿಗೆ ದಕ್ಷಿಣದ ಶಿಲುಬೆ ನೆಟ್ಟಗೆ ನಿಂತಿರುತ್ತದೆ, ಚಿತ್ರಾ, ಸ್ವಾತಿ ಮೇಲೇರಿರುತ್ತವೆ, ಬೆಳಗಿನ ಜಾವಕ್ಕೆ ಆಕಾಶಗಂಗೆಯ ನಡುಭಾಗ ದಕ್ಷಿಣಕ್ಕೆ ಬರುತ್ತದೆ. ಅದರ ಮರುತಿಂಗಳ ಅಮಾವಾಸ್ಯೆ ನನ್ನ ಮಟ್ಟಿಗೆ ವರ್ಷದ ಅತ್ಯುತ್ತಮ ರಾತ್ರಿ. ಅಡ್ಡಮಳೆ ಒಂದು ಬಿದ್ದು ದೂಳೆಲ್ಲ ತೊಳೆದುಹೋಗಿದ್ದರಂತೂ, ಮೂರು ಗಂಟೆಗೆ ಎದ್ದವರಿಗೆ ಮೂಲಾ ನಕ್ಷತ್ರದ ಸುತ್ತಲಿನ ಬೆಳಕು ಬರಿಗಣ್ಣಿಗೇ ದಟ್ಟವಾಗಿ ಕಾಣುತ್ತದೆ.

ಆಮೇಲೆ ಮಳೆಗಾಲ. ಮಣ್ಣೆತ್ತಿನ ಅಮಾವಾಸ್ಯೆ, ನಾಗರ ಅಮಾವಾಸ್ಯೆಗಳು ಮೋಡದ ಕೆಳಗೆ ಕಳೆಯುತ್ತವೆ. ಹಾಗಾದರೆ ಚಿತ್ರದಲ್ಲಿ ನಾಲ್ಕು ತಿಂಗಳಿನ ತೂತು ಬೀಳುತ್ತದೆಯೇ? ಬೀಳುವುದಿಲ್ಲ. ಮೇ ತಿಂಗಳ ನಸುಕಿನಲ್ಲಿ ಎದ್ದರೆ ಜುಲೈ ತಿಂಗಳ ನಡುರಾತ್ರಿಯ ಆಕಾಶ ಮುಂಚಿತವಾಗಿಯೇ ಸಿಗುತ್ತದೆ. ದೀಪಾವಳಿ ಅಮಾವಾಸ್ಯೆಯ ಸುತ್ತ ಏಳು ಗಂಟೆಗೆ ಕತ್ತಲಾದ ಕೂಡಲೇ ಶುರು ಮಾಡಿದರೆ ಸಪ್ಟಂಬರಿನದು ಇನ್ನೂ ತಲೆಯ ಮೇಲಿರುತ್ತದೆ. ನಡುವೆ ಶ್ರವಣ ನಕ್ಷತ್ರದ ಸುತ್ತಿನ ಒಂದು ಪಟ್ಟಿಯನ್ನು ಮಾತ್ರ ಅದು ಪಶ್ಚಿಮಕ್ಕೆ ವಾಲಿದ ಮೇಲೆ ಹಿಡಿಯಬೇಕಾಗುತ್ತದೆ.

ಇಲ್ಲಿ ನಾಲ್ಕು ತಾಲೂಕು ಒಟ್ಟಾಗಿರುವುದರ ಲಾಭ ನೋಡಿ. ಹಾನಗಲ್ಲ ಅರೆಮಲೆನಾಡು, ಭತ್ತದ ಗದ್ದೆ, ಕೆರೆ, ಇಬ್ಬನಿ. ಸವಣೂರು ಬಯಲುಸೀಮೆ, ಗಾಳಿ ಒಣ. ಶಿಗ್ಗಾವಿಯ ಉತ್ತರಕ್ಕೆ ಹುಬ್ಬಳ್ಳಿಯ ಬೆಳಕು ಆಕಾಶಕ್ಕೆ ಏರಿರುತ್ತದೆ, ಹಾಗಾಗಿ ಧ್ರುವದ ಕಡೆಯ ಚೌಕಟ್ಟುಗಳನ್ನು ಹಿರೇಕೆರೂರಿನ ಕಡೆಯಿಂದ ತೆಗೆಯುವುದು ವಾಸಿ. ಹಾನಗಲ್ಲಿನಲ್ಲಿ ಮೋಡವಿದ್ದ ರಾತ್ರಿ ಸವಣೂರಿನ ತಂಡ ಕೆಲಸ ಮಾಡಲಿ. ನಕ್ಷತ್ರಗಳಲ್ಲಿ ನಮಗೆ ತೀರ ಹತ್ತಿರದ್ದೂ ನಾಲ್ಕು ಬೆಳಕಿನ ವರ್ಷಕ್ಕಿಂತ ಆಚೆ ಇದೆ. ಐವತ್ತು ಅರವತ್ತು ಕಿಲೋಮೀಟರ್ ಆಚೀಚೆ ನಿಂತರೆ ಅವುಗಳ ಜೋಡಣೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಬರುವುದಿಲ್ಲ. ನಾಲ್ಕೂ ಕಡೆಯ ಚೌಕಟ್ಟುಗಳು ಒಂದೇ ಚಿತ್ರದಲ್ಲಿ ಸೇರುತ್ತವೆ. ಗ್ರಹಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಅವು ಸರಿಯುವುದರಿಂದ, ಎರಡು ತಿಂಗಳ ಅಂತರದಲ್ಲಿ ತೆಗೆದ ನೆರೆಯ ಚೌಕಟ್ಟುಗಳಲ್ಲಿ ಒಬ್ಬನೇ ಗುರು ಎರಡು ಕಡೆ ಕಾಣಿಸಿಕೊಳ್ಳಬಹುದು.

ಸಲಕರಣೆ ತುಟ್ಟಿ ಎಂಬ ಅಂಜಿಕೆಗೆ ಉತ್ತರ ಹೇಳಬೇಕು. ಭೂಮಿ ತಿರುಗುವುದರಿಂದ ನಕ್ಷತ್ರಗಳು ಗಂಟೆಗೆ 15 ಡಿಗ್ರಿ ಸರಿಯುತ್ತವೆ. 50 ಮಿ.ಮೀ. ಲೆನ್ಸಿನಲ್ಲಿ ಹತ್ತು ಸೆಕೆಂಡು ಮೀರಿ ಬೆಳಕು ಹಿಡಿದರೆ ಚುಕ್ಕಿಗಳು ಗೆರೆಗಳಾಗುತ್ತವೆ. ಕ್ಯಾಮೆರಾವನ್ನು ಅದೇ ವೇಗದಲ್ಲಿ ತಿರುಗಿಸುವ ಟ್ರ್ಯಾಕರ್ ಅಂಗಡಿಯಲ್ಲಿ ಸಿಗುತ್ತದೆ, ನಿಜ. ಆದರೆ 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಹವ್ಯಾಸಿ ಹೇಗ್ ತೋರಿಸಿಕೊಟ್ಟ ಉಪಾಯವನ್ನು ನಮ್ಮ ಯಾವ ಬಡಿಗೇರನಾದರೂ ಅರ್ಧ ದಿನದಲ್ಲಿ ಮಾಡಿಕೊಡಬಲ್ಲ. ಎರಡು ಹಲಗೆ, ಒಂದು ತುದಿಯಲ್ಲಿ ಬಾಗಿಲಿಗೆ ಹಾಕುವಂಥ ಗಟ್ಟಿ ಬಿಜಾಗರಿ. ಬಿಜಾಗರಿಯ ನಡುಗೆರೆಯಿಂದ ಸರಿಯಾಗಿ 229 ಮಿ.ಮೀ. ದೂರದಲ್ಲಿ ಕೆಳಹಲಗೆಗೆ ಒಂದು ನಟ್ಟು ಕೂಡಿಸಿ, ಅದರಲ್ಲಿ 6 ಮಿ.ಮೀ. ದಪ್ಪದ, ಸುತ್ತಿಗೆ 1 ಮಿ.ಮೀ. ಏರುವ ಬೋಲ್ಟು. ನಿಮಿಷಕ್ಕೆ ಒಂದು ಸುತ್ತು ತಿರುಗಿಸಿದರೆ ಮೇಲಿನ ಹಲಗೆ ಆಕಾಶದ ವೇಗದಲ್ಲೇ ಏಳುತ್ತದೆ. ಬಿಜಾಗರಿಯ ಗೆರೆ ಧ್ರುವದತ್ತ ಮುಖ ಮಾಡಿರಬೇಕು, ಮೇಲಿನ ಹಲಗೆಯ ಮೇಲೆ ಕ್ಯಾಮೆರಾ. ಒಬ್ಬ ಹುಡುಗಿ ಗಡಿಯಾರದ ಸೆಕೆಂಡು ಮುಳ್ಳು ನೋಡುತ್ತ ಹದಿನೈದು ಸೆಕೆಂಡಿಗೊಮ್ಮೆ ಕಾಲು ಸುತ್ತು ತಿರುಗಿಸುತ್ತಾಳೆ, ಇನ್ನೊಬ್ಬ ಬೆಳಕು ಹಿಡಿದ ಹೊತ್ತನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. 229 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಹತ್ತನೆಯ ಇಯತ್ತೆಯ ಮಕ್ಕಳಿಗೆ ಲೆಕ್ಕ ಕೊಡಿ. ನಕ್ಷತ್ರ ದಿನದ ಉದ್ದ 23 ಗಂಟೆ 56 ನಿಮಿಷ 4 ಸೆಕೆಂಡು ಎಂಬುದೊಂದು ಗೊತ್ತಿದ್ದರೆ ಸಾಕು.

ಒಂದೇ ಚೌಕಟ್ಟನ್ನು ಹತ್ತಿರದಿಂದ ನೋಡೋಣ. ಏಪ್ರಿಲ್ ಕೊನೆಯ ಜಾವದಲ್ಲಿ ದಕ್ಷಿಣಕ್ಕೆ ತಿರುಗಿಸಿದ 50 ಮಿ.ಮೀ. ಲೆನ್ಸಿನ ಒಂದು ಚೌಕಟ್ಟಿನಲ್ಲಿ ಅನುರಾಧಾ, ಜ್ಯೇಷ್ಠಾ, ಮೂಲಾ, ಪೂರ್ವಾಷಾಢಾ ನಾಲ್ಕೂ ಕೂಡುತ್ತವೆ. ಜ್ಯೇಷ್ಠಾ ಕೆಂಪಗೆ. ಮೂಲಾಕ್ಕೂ ಪೂರ್ವಾಷಾಢಾಕ್ಕೂ ನಡುವಿನ ದಿಕ್ಕಿನಲ್ಲಿ, ಸುಮಾರು 26 ಸಾವಿರ ಬೆಳಕಿನ ವರ್ಷ ದೂರದಲ್ಲಿ, ನಮ್ಮ ಗೆಲಾಕ್ಸಿಯ ಕೇಂದ್ರವಿದೆ. ಅದನ್ನು ಮುಚ್ಚಿ ಬರ್ನಾರ್ಡನ ಕಪ್ಪು ದೂಳು ಕವಲೊಡೆದು ಹರಿದಿರುತ್ತದೆ. ಒಂದು ನಿಮಿಷದ ಒಂದು ಫೋಟೋದಲ್ಲಿ ಇದೆಲ್ಲ ಕಾಳುಕಾಳಾಗಿ, ಮಬ್ಬಾಗಿ ಕಾಣುತ್ತದೆ. ಬೇಸಿಗೆಯ ರಾತ್ರಿ ಸೆನ್ಸರ್ ಕಾಯುವುದರಿಂದ ಕಾಳು ಇನ್ನೂ ಹೆಚ್ಚು. ಅದೇ ಚೌಕಟ್ಟನ್ನು 16 ಸಲ ತೆಗೆದು ಸರಾಸರಿ ಮಾಡಿದರೆ ಕಾಳು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಬೆಳಗಾಗುವ ಮುಂಚೆ ಲೆನ್ಸಿನ ಬಾಯಿಗೆ ಬಿಳಿ ಪಂಚೆ ಬಿಗಿದು, ಬಿಳುಪಾದ ಆಕಾಶದತ್ತ ಹಿಡಿದು ಕೆಲವು ಫೋಟೋ ತೆಗೆಯಬೇಕು. ಲೆನ್ಸಿನ ಅಂಚಿನಲ್ಲಿ ಬೆಳಕು ಎಷ್ಟು ಕುಂದುತ್ತದೆ ಎಂಬುದನ್ನು ಅವು ತೋರಿಸುತ್ತವೆ, ಆ ಲೆಕ್ಕದಲ್ಲಿ ಚೌಕಟ್ಟನ್ನು ಸರಿಪಡಿಸಬಹುದು. ಇದನ್ನು ಬಿಟ್ಟವರ ಮೊಸಾಯಿಕ್ ಚದುರಂಗದ ಹಾಸಿನಂತೆ ಚೌಕ ಚೌಕವಾಗಿ ಕಾಣುತ್ತದೆ.

ಜೋಡಿಸುವ ಕೆಲಸಕ್ಕೆ ಸಿರಿಲ್‌ನಂಥ ಉಚಿತ ತಂತ್ರಾಂಶಗಳಿವೆ. ಅವು ಚುಕ್ಕಿಗಳ ಜೋಡಣೆಯನ್ನು ಗುರುತು ಹಿಡಿದು, ಚೌಕಟ್ಟು ಆಕಾಶದ ಯಾವ ಭಾಗದ್ದು ಎಂದು ತಾವೇ ಹೇಳುತ್ತವೆ. ಕಷ್ಟ ಇರುವುದು ಬೇರೆಡೆ. ಆಕಾಶ ಗೋಳ, ಕಾಗದ ಚಪ್ಪಟೆ. ಹಾನಗಲ್ಲಿನ ತಾರಕೇಶ್ವರ ದೇವಸ್ಥಾನದಲ್ಲಿ ಸುತ್ತುಸುತ್ತಾಗಿ ಏರಿ ನಡುವಿನ ಕಮಲಕ್ಕೆ ಮುಟ್ಟುವ ಆ ಗುಮ್ಮಟದ ಛಾವಣಿಯನ್ನು ಚಪ್ಪಟೆ ಹಾಳೆಗೆ ಇಳಿಸಲು ಹೊರಟರೆ ನಡುವು ಸರಿಬಂದಾಗ ಅಂಚು ಹಿಗ್ಗುತ್ತದೆ, ಅಂಚು ಸರಿಬಂದಾಗ ನಡುವು ಕುಗ್ಗುತ್ತದೆ. ಆಕಾಶದ್ದೂ ಅದೇ ಪಾಡು. ಯಾವುದನ್ನು ಹಿಗ್ಗಿಸುವುದು, ಯಾವುದನ್ನು ಕಾಪಾಡುವುದು ಎಂದು ಮೊದಲೇ ತೀರ್ಮಾನಿಸಿ ಚಿತ್ರದ ಕೆಳಗೆ ಬರೆಯಬೇಕು. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ತೆರೆದ ತಾರಾಲಯದಂಥ ಗುಮ್ಮಟದ ಒಳಮೈ ಮೇಲೆ ತೋರಿಸಿದಾಗ ಮಾತ್ರ ಆಕಾಶ ತನ್ನ ಆಕಾರಕ್ಕೆ ಮರಳುತ್ತದೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಈಗ ಮೊಬೈಲಿನಲ್ಲಿ ಹರಿದಾಡುವ ಅನೇಕ ಚಿತ್ರಗಳಲ್ಲಿ ದೇವಸ್ಥಾನದ ಶಿಖರದ ಹಿಂದೆ ಆಕಾಶಗಂಗೆಯನ್ನು ಬೇಕಾದಷ್ಟು ದೊಡ್ಡದು ಮಾಡಿ, ಅದು ಎಂದೂ ಬರದ ದಿಕ್ಕಿನಲ್ಲಿ ಅಂಟಿಸಿರುತ್ತಾರೆ. ಅದು ಮೊಸಾಯಿಕ್ ಅಲ್ಲ, ಸುಳ್ಳು. ಮೊಸಾಯಿಕ್‌ನಲ್ಲಿ ಬಣ್ಣವನ್ನು, ಹೊಳಪನ್ನು ಏರಿಸಬಹುದು, ಏರಿಸಿದ್ದೇವೆ ಎಂದು ಹೇಳಿದರೆ ತಪ್ಪಿಲ್ಲ. ಆದರೆ ಒಂದೊಂದು ನಕ್ಷತ್ರವೂ ತನ್ನ ಸ್ಥಾನದಲ್ಲೇ ಇರಬೇಕು. ಮುಂದೆ ನೂರು ವರ್ಷದ ನಂತರ ಯಾರೋ ಅಳೆಯಲು ಬಂದರೆ ನಮ್ಮ ಚಿತ್ರ ಉತ್ತರ ಕೊಡುವಂತಿರಬೇಕು.

ಇದಕ್ಕೆಲ್ಲ ಬೇಕಾದ ಮುಖ್ಯ ಬಂಡವಾಳ ಕತ್ತಲು, ಅದು ಕರಗುತ್ತಿದೆ. 2011ರಿಂದ 2022ರವರೆಗೆ ಜನಸಾಮಾನ್ಯರು ನಕ್ಷತ್ರ ಗುರುತಿಸಿ ಕಳಿಸಿದ ಐವತ್ತು ಸಾವಿರಕ್ಕೂ ಹೆಚ್ಚು ವರದಿಗಳನ್ನು ಕೂಡಿಸಿ ನೋಡಿದ ಅಧ್ಯಯನವೊಂದು, ರಾತ್ರಿ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇ. 9.6ರಂತೆ ಏರಿದೆ ಎಂದು 2023ರಲ್ಲಿ ತಿಳಿಸಿತು. ವರದಿಗಳು ಹೆಚ್ಚಾಗಿ ಯುರೋಪ್, ಅಮೆರಿಕದವು. ಆದರೂ ಆ ವೇಗದಲ್ಲಿ, 250 ನಕ್ಷತ್ರ ಕಾಣುವ ಊರಿನಲ್ಲಿ ಇಂದು ಹುಟ್ಟಿದ ಮಗು 18 ತುಂಬುವ ಹೊತ್ತಿಗೆ 100 ನಕ್ಷತ್ರ ಮಾತ್ರ ಕಾಣುತ್ತದೆ. ನಮ್ಮ ಹಳ್ಳಿಗಳ ಅಗಸಿಯಲ್ಲಿ, ಬಸ್ ನಿಲ್ದಾಣದಲ್ಲಿ ಹೈಮಾಸ್ಟ್ ದೀಪಗಳು ಎದ್ದಿವೆ. ಬೆಳಕು ಬೇಡ ಎಂದು ನಾನು ಹೇಳುವುದಿಲ್ಲ. ಹೆಣ್ಣುಮಕ್ಕಳು ನಿರ್ಭಯವಾಗಿ ಓಡಾಡಲು ಬೆಳಕು ಬೇಕು. ಆದರೆ ಅದು ನೆಲದ ಮೇಲೆ ಬೀಳಬೇಕು. ಮೇಲಕ್ಕೆ ಚೆಲ್ಲಿದ ಬೆಳಕಿನಿಂದ ಯಾರಿಗೂ ಉಪಕಾರವಿಲ್ಲ, ಅದರ ಕರೆಂಟಿನ ಬಿಲ್ಲನ್ನು ಮಾತ್ರ ಪಂಚಾಯ್ತಿ ಕಟ್ಟುತ್ತದೆ.

ಲಡಾಖಿನ ಹಾನ್ಲೆಯಲ್ಲಿ 2022ರ ಡಿಸೆಂಬರಿನಲ್ಲಿ 1,073 ಚದರ ಕಿಲೋಮೀಟರನ್ನು ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದರು. ಅಲ್ಲಿನ ವೀಕ್ಷಣಾಲಯ ನಡೆಸುವುದು ಬೆಂಗಳೂರಿನ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ಅಲ್ಲಿನ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆ. ಹಾನ್ಲೆಯ ಹಳ್ಳಿಯವರು ಕಿಟಕಿಗೆ ದಪ್ಪ ಪರದೆ ಹಾಕಿ, ಹೊರದೀಪಗಳಿಗೆ ಮುಚ್ಚಳ ಹಾಕಿ ಆ ಕತ್ತಲನ್ನು ಕಾಯುತ್ತಿದ್ದಾರೆ.

ನಾನು ಇಷ್ಟು ದೊಡ್ಡದನ್ನು ಕೇಳುವುದಿಲ್ಲ. ಈ ನಾಲ್ಕು ತಾಲೂಕುಗಳ ಪ್ರೌಢಶಾಲೆಗಳಲ್ಲಿ ಆಸಕ್ತಿಯಿರುವ ಶಿಕ್ಷಕರು ತಾಲೂಕಿಗೊಂದು ತಂಡ ಕಟ್ಟಿ, 70 ಚೌಕಟ್ಟುಗಳನ್ನು ಹಂಚಿಕೊಳ್ಳಿ. ಚೌಕಟ್ಟಿಗೆ ಹದಿನಾರು ನಿಮಿಷದಂತೆ ಎಣಿಸಿದರೂ ಒಟ್ಟು ಹತ್ತೊಂಬತ್ತು ಗಂಟೆಯ ಬೆಳಕು ಸಾಕು. ಅದನ್ನು ದೀಪಾವಳಿಯಿಂದ ಮುಂಗಾರಿನವರೆಗಿನ ಅಮಾವಾಸ್ಯೆಗಳಿಗೆ ಹಂಚಿದರೆ ಯಾರಿಗೂ ಭಾರವಿಲ್ಲ. ಗ್ರಾಮ ಪಂಚಾಯ್ತಿಯ ಸದಸ್ಯರು ಇಲ್ಲಿ ಬಹಳ ಮಂದಿ ಇದ್ದೀರಿ. ಆ ಅಮಾವಾಸ್ಯೆಯ ರಾತ್ರಿಗಳಲ್ಲಿ, ಕೆರೆಯ ದಿಕ್ಕಿಗೆ ಮುಖ ಮಾಡಿದ ಹೈಮಾಸ್ಟ್ ದೀಪವೊಂದನ್ನು ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಆರಿಸಿ ಕೊಡಿ. ಮುಂದಿನ ಠರಾವಿನಲ್ಲೇ ಇದನ್ನು ಬರೆಸಿ ಎಂದು ಕೈಮುಗಿದು ಕೇಳುತ್ತೇನೆ.